ಓದದೆ ಹಾಕಿದ ಸಹಿ

ಹದಿನೇಳು ವರ್ಷಗಳಲ್ಲಿ ಹಿರಿಯ ವಕೀಲರು ತಾವೇ ಕೂತು ಬರೆದದ್ದು ಅದೊಂದೇ ಕಾಗದ. ಅದೂ ಮೂರು ಸಾಲು. ಬೆಳಗಿನ ತಿಂಡಿಯ ಹೊತ್ತಿಗೆ ಅತ್ತೆ ಅದನ್ನು ಕನ್ನಡಕದ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು.

“‘ಇವರು ನನ್ನ ಕಚೇರಿಯಲ್ಲಿ ಹದಿನೇಳು ವರ್ಷಗಳಿಂದ ಕಡತಗಳನ್ನು ಜೋಡಿಸುವುದು, ಕಟ್ಟುವುದು, ವಾಯಿದೆಯ ದಿನಾಂಕ ಗುರುತು ಹಾಕುವುದು ಮುಂತಾದ ಕೆಲಸಗಳಲ್ಲಿ ನೆರವಾಗಿರುತ್ತಾರೆ. ನಡತೆ ಉತ್ತಮ. ಶುಭ ಹಾರೈಸುತ್ತೇನೆ.’ ಮುಗೀತಾ?”

“ಮುಗೀತು ಅತ್ತೆ. ನಿಮ್ಮ ಬ್ರೆಡ್ ಆರ್ತಾ ಇದೆ.”

“ನಡತೆ ಉತ್ತಮ ಅಂತೆ. ಮನೆಗೆಲಸ ಬಿಟ್ಟು ಹೋಗೋರಿಗೆ ಕೊಡೋ ಕಾಗದ ಇದಕ್ಕಿಂತ ಉದ್ದ ಇರುತ್ತೆ.”

ಸೊಸೆ ವಕೀಲೆ. ದಾವೆ, ಅರ್ಜಿ, ವಾದಪತ್ರಗಳ ಕರಡು ಬರೆಯುವುದನ್ನು ಕಲಿಸಲು ಒಬ್ಬರು ಬೇಕೆಂದು ಕಾನೂನು ಕಾಲೇಜಿನ ಪ್ರಕಟಣೆ ಬಂದಾಗ ಅವಳು ಎರಡು ದಿನ ಅದನ್ನು ಕೈಚೀಲದಲ್ಲಿ ಇಟ್ಟುಕೊಂಡು ಓಡಾಡಿ, ಮೂರನೆಯ ದಿನ ಅರ್ಜಿ ಹಾಕಿದ್ದಳು. ಅನುಭವದ ಪ್ರಮಾಣಪತ್ರ ಮುಚ್ಚಿದ ಲಕೋಟೆಯಲ್ಲಿ ಹಿರಿಯರಿಂದ ನೇರವಾಗಿ ಕಾಲೇಜಿಗೆ ಹೋಗಬೇಕಿತ್ತು. ಈಗ ಕಾಲೇಜಿನವರು ಅರ್ಜಿಯ ಜೊತೆಗೆ ಅದನ್ನೂ ವಾಪಸು ಕಳಿಸಿದ್ದರು. ಕರಡು ಬರೆದ ಅನುಭವ ಕಂಡುಬರದ ಕಾರಣ ಪರಿಗಣಿಸಲಾಗಿಲ್ಲ.

ಕೋರ್ಟಿನಲ್ಲಿ ಅವಳನ್ನು ಚೀಟಿ ಮೇಡಂ ಎನ್ನುತ್ತಿದ್ದರು. ಹಿರಿಯರು ನಿಂತು ವಾದಿಸುವಾಗ ಅವಳು ಹಿಂದಿನ ಕುರ್ಚಿಯಲ್ಲಿರುತ್ತಿದ್ದಳು. ನ್ಯಾಯಾಧೀಶರು ತೊಡಕಿನ ಪ್ರಶ್ನೆಯೊಂದನ್ನು ಕೇಳಿದ ಕೂಡಲೇ ಹಿರಿಯರ ಎಡಗೈ ಬೆನ್ನ ಹಿಂದಕ್ಕೆ ಬರುತ್ತಿತ್ತು, ಅಂಗೈ ಅಗಲಿಸಿಕೊಂಡು. ತಿರುಗಿ ನೋಡುತ್ತಿರಲಿಲ್ಲ. ಅವಳು ಉತ್ತರವನ್ನು ಚೀಟಿಯಲ್ಲಿ ಬರೆದು ಆ ಅಂಗೈಯಲ್ಲಿಡಬೇಕು. ಚೇಂಬರಿನಲ್ಲೂ ಅದೇ ಪದ್ಧತಿ. ಬರೆಯುವುದೆಲ್ಲ ಅವಳದು. ಸಹಿ ಬೇಕಾದ ಜಾಗದಲ್ಲೆಲ್ಲ ಪೆನ್ಸಿಲಿನಿಂದ ಸಣ್ಣ ಇಂಟು ಗುರುತು ಹಾಕಿಟ್ಟರೆ ಹಿರಿಯರು ಫೋನಿನಲ್ಲಿ ಮಾತಾಡುತ್ತಲೇ ಗುರುತು ಹುಡುಕಿ ಹುಡುಕಿ ಸಹಿ ಹಾಕುತ್ತಾ ಹೋಗುತ್ತಿದ್ದರು. ಓದುವುದು ತಮ್ಮ ಅಂತಸ್ತಿಗೆ ಕಡಿಮೆ ಎಂದು ಅವರು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದರು.

“ಯಾಕೆ ಹೀಗೆ ಬರೆದ್ರಿ ಅಂತ ಕೇಳಿದ್ಯಾ?” ಎಂದ ಗಂಡ. ಅವನು ಸಿಟಿ ಬಸ್ಸಿನ ಡ್ರೈವರ್. ಅವತ್ತು ಎರಡನೇ ಪಾಳಿ, ಹಾಗಾಗಿ ನಿಧಾನವಾಗಿ ತಿನ್ನುತ್ತಿದ್ದ.

“ಕೇಳ್ದೆ. ‘ನೀನು ಹೋದ್ರೆ ನನ್ನ ಕೆಲಸ ಯಾರಮ್ಮ ಮಾಡ್ತಾರೆ, ಪಾಠ ಹೇಳೋದ್ರಲ್ಲಿ ಏನು ಸುಖ ಇದೆ’ ಅಂದ್ರು. ನಗ್ತಾನೇ ಅಂದ್ರು. ಮುಚ್ಚಿಡೋಕೂ ಹೋಗ್ಲಿಲ್ಲ.”

ಮಗಳು ಕಪ್ಪು ಕೋಟಿಗೆ ಗುಂಡಿ ಹಾಕಿಕೊಳ್ಳುತ್ತಾ ಒಳಗಿನಿಂದ ಬಂದಳು. ಅವಳು ಕಾನೂನು ಮುಗಿಸಿ ಅದೇ ಚೇಂಬರಿಗೆ ಸೇರಿ ಮೂರು ತಿಂಗಳಾಗಿತ್ತು.

“ಗಡಿಬಿಡೀಲಿ ಬರೆದಿರ್ತಾರೆ ಅಮ್ಮ. ನೀನೇ ಬರೆದು ಸಹಿ ಹಾಕಿಸ್ಕೋಬೇಕಿತ್ತು.”

“ಇದೊಂದನ್ನಾದ್ರೂ ಅವರೇ ಬರೀಲಿ ಅಂತಿತ್ತು.”

“ಬರೆದ್ರಲ್ಲ,” ಎಂದರು ಅತ್ತೆ.

“ಅಜ್ಜಿ, ನೀನು ಸುಮ್ನೆ ಬೆಂಕಿ ಹಚ್ಬೇಡ. ಅವರೇನು ಸಾಮಾನ್ಯದವರಾ? ಬಣ್ಣದ ಕಾರ್ಖಾನೆ ಕೇಸಿನ ವಾದಪತ್ರ ನಮಗೆ ಕಾಲೇಜಲ್ಲಿ ಪಾಠಕ್ಕಿತ್ತು. ಅದನ್ನ ಓದಿಯೇ ನಾನು ಅವರ ಹತ್ರ ಸೇರಿದ್ದು. ಒಂದೇ ರಾತ್ರೀಲಿ ಬರೆದ್ರಂತೆ, ಎದ್ದು ನೀರೂ ಕುಡೀದೆ.”

ಅತ್ತೆ ಬಾಯಿ ತೆರೆದರು. ವಕೀಲೆ ಅವರ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಅತ್ತೆ ಸೊಸೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಗಂಡ ತಟ್ಟೆ ತೊಳೆಯಲು ಎದ್ದ. “ಬಿಟ್ಟಾಕು. ದಾರೀಲಿ ಅಡ್ಡ ಬಂದೋರ ಜೊತೆಗೆಲ್ಲ ಜಗಳ ಆಡ್ತಾ ಕೂತ್ರೆ ನನ್ನ ಬಸ್ಸು ಡಿಪೋ ದಾಟಲ್ಲ.”

“ನಿನ್ನ ಬಸ್ಸನ್ನ ಇನ್ನೊಬ್ಬ ತಂದು ‘ನಾನೇ ಓಡ್ಸಿದ್ದು’ ಅಂದ್ರೆ?” ಎಂದರು ಅವನ ತಾಯಿ. ಅವನು ನಲ್ಲಿ ಜೋರಾಗಿ ತಿರುಗಿಸಿದ.

*

ಮುಂದಿನ ವಾರ ಹಿರಿಯರು ಒಂದು ದಪ್ಪ ಅರ್ಜಿ ನಮೂನೆಯನ್ನು ವಕೀಲೆಯ ಮೇಜಿನ ಮೇಲೆ ಇಟ್ಟರು. ಪ್ರಧಾನ ನ್ಯಾಯವಾದಿ ಎಂಬ ಗೌರವಪದವಿಗೆ ಅರ್ಜಿ. ಅದು ಸಿಕ್ಕವರಿಗೆ ನಿಲುವಂಗಿ ಬೇರೆ, ಕೂರುವ ಸಾಲು ಬೇರೆ. ಎರಡು ಸಲ ಕೈತಪ್ಪಿತ್ತು. ಈ ಸಲ ಆಯ್ಕೆ ಸಮಿತಿಯ ಐವರಲ್ಲಿ ಮೂವರು ತಮ್ಮ ಕಡೆಯವರು ಎಂದು ಅವರು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು.

“ಭರ್ತಿ ಮಾಡಿಬಿಡಮ್ಮ. ನನಗಿಂತ ನನ್ನ ವಿಷಯ ನಿನಗೇ ಚೆನ್ನಾಗಿ ಗೊತ್ತು.”

ಅವಳು ಅದನ್ನು ಭಾನುವಾರ ಮನೆಗೆ ತಂದಳು. ಅಡುಗೆಮನೆಯ ಮೇಜಿನ ಒಂದು ಬದಿಯಲ್ಲಿ ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು, ಇನ್ನೊಂದು ಬದಿಯಲ್ಲಿ ಅರ್ಜಿ. ಗಂಡ ಕುಕ್ಕರಿನ ಸೀಟಿ ಎಣಿಸುತ್ತಿದ್ದ. ಮಗಳು ಗೆಳತಿಯರ ಜೊತೆ ಹೊರಗೆ ಹೋಗಿದ್ದಳು.

ಅರ್ಜಿದಾರರು ನಡೆಸಿದ ಹತ್ತು ಮುಖ್ಯ ಪ್ರಕರಣಗಳು. ಪ್ರತಿಯೊಂದರ ಮುಂದೆ ಒಂದು ಕಾಲಂ: ಕರಡು ಬರೆದವರು. ಕೊನೆಯಲ್ಲಿ ಪ್ರಮಾಣಪೂರ್ವಕ ಹೇಳಿಕೆ. ಅದಕ್ಕೂ ಮೊದಲು ಒಂದು ಪ್ರಶ್ನೆ.

“ಇದನ್ನ ಕೇಳಿ,” ಎಂದಳು. “‘ವೃತ್ತಿಯಲ್ಲಿ ತಮಗೆ ಅತ್ಯಂತ ತೃಪ್ತಿ ನೀಡಿದ ಕೆಲಸ ಯಾವುದು? ನೂರು ಪದ ಮೀರದಂತೆ ಬರೆಯಿರಿ.’”

“ನೂರು ಪದ ಯಾಕೆ ಬೇಕು?” ಎಂದ ಗಂಡ. “ಮಕ್ಕಳ ಪರೀಕ್ಷೆ ದಿನ ಬಸ್ಸು ಕೆಡದೆ ಓಡೋದು. ಅಷ್ಟೆ.”

“ನಿಮಗೆ ಅತ್ತೆ?”

ಅತ್ತೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು. ಚಾಕುವನ್ನು ಕೆಳಗಿಟ್ಟರು.

“ನಮ್ಮ ಮೇಲ್ವಿಚಾರಕ ಒಬ್ಬನಿದ್ದ. ರಕ್ತದ ಕಲೆ ತೆಗೆಯೋ ಉಪಾಯ ಕಂಡುಹಿಡಿದೋಳು ನಾನು, ಬಹುಮಾನ ತಗೊಂಡೋನು ಅವನು. ಬಹುಮಾನದ ದಿನ ಹಾಕ್ಕೊಳ್ಳೋ ಅಂಗೀನ ನನ್ನ ಕೈಗೇ ಕೊಟ್ಟ, ಇಸ್ತ್ರಿ ಮಾಡು ಅಂತ. ಕಾಲರಿಗೆ ಗಂಜಿ ನಾಲ್ಕು ಪಾಲು ಹಾಕ್ದೆ. ಹಲಗೆ ಆಗೋಯ್ತು. ವೇದಿಕೆ ಮೇಲೆ ಅವನು ಕತ್ತು ತಿರುಗಿಸೋಕಾಗ್ದೆ ಇಡೀ ಮೈ ತಿರುಗಿಸ್ತಿದ್ದ. ಒಂದು ವಾರ ಕುತ್ತಿಗೆ ಕೆಂಪಗಿತ್ತು. ಅದೇ ನನ್ನ ತೃಪ್ತಿ.”

“ಅಮ್ಮ, ಇದನ್ನೆಲ್ಲ ಅವಳಿಗೆ ಹೇಳ್ಕೊಡ್ಬೇಡ,” ಎಂದ ಗಂಡ. ಆದರೂ ನಗು ತಡೆಯಲಾಗಲಿಲ್ಲ.

ವಕೀಲೆ ನಗಲಿಲ್ಲ. “ಅವನು ಕೇಳಿದ್ದೇ ಇಸ್ತ್ರಿ, ನೀವು ಮಾಡಿದ್ದೂ ಇಸ್ತ್ರಿ,” ಎಂದಳು.

“ಮತ್ತೆ? ನಾನೇನು ಅಂಗಿ ಹರಿದ್ನಾ?”

ಅವಳು ಲೇಖನಿ ತೆಗೆದಳು. ಮೊದಲನೇ ಪ್ರಕರಣದ ಮುಂದೆ, ಕರಡು ಬರೆದವರು ಎಂಬ ಕಾಲಂನಲ್ಲಿ, ತನ್ನ ಹೆಸರು ಬರೆದಳು. ಅದು ನಿಜ. ಎರಡನೆಯದರ ಮುಂದೆಯೂ ಬರೆದಳು. ಅದೂ ನಿಜ. ಹತ್ತನೆಯದು ಮುಗಿಯುವ ಹೊತ್ತಿಗೆ ಹುರುಳಿಕಾಯಿ ಬೆಂದಿತ್ತು. ನೂರು ಪದಗಳ ಉತ್ತರಕ್ಕೆ ಅವಳು ಇನ್ನೂ ನಾಲ್ಕು ದಿನ ತೆಗೆದುಕೊಂಡಳು.

*

ಸಹಿಗೆ ಕಡತ ಒಯ್ಯುವುದು ಆಗ ಮಗಳ ಕೆಲಸವಾಗಿತ್ತು. ಶುಕ್ರವಾರ ಸಂಜೆ ವಕೀಲೆ ಆ ಅರ್ಜಿಯನ್ನು ಮಗಳ ಕೈಗೆ ಕೊಟ್ಟು, ಸೋಮವಾರ ಸರ್ ಹತ್ರ ಸಹಿ ಹಾಕಿಸು ಎಂದಳು. ಶನಿವಾರ ಮಧ್ಯಾಹ್ನ ಅವಳು ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಮಗಳು ಮೆಟ್ಟಿಲು ಹತ್ತಿ ಬಂದಳು. ಹಿಂದೆಯೇ ಕ್ಲಿಪ್ಪುಗಳ ಬುಟ್ಟಿ ಹಿಡಿದು ಅತ್ತೆ.

“ಅಮ್ಮ, ಇದೇನಿದು?”

“ಓದಿದ್ಯಾ?”

“ಓದದೆ ಒಯ್ತೀನಾ? ನೀನೇ ಕಲ್ಸಿದ್ದು.”

“ಸುಳ್ಳು ಏನಾದ್ರೂ ಸಿಕ್ತಾ?”

ಮಗಳು ಹಾಳೆ ತಿರುಗಿಸಿದಳು. “ಬಣ್ಣದ ಕಾರ್ಖಾನೆ ಕೇಸಿನ ಮುಂದೂ ನಿನ್ನ ಹೆಸರಿದೆ. ಇಲ್ಲಿ ತೃಪ್ತಿ ಅನ್ನೋ ಕಡೆ ನೋಡು. ‘ಆ ವಾದಪತ್ರವನ್ನು ನನ್ನ ಕಿರಿಯ ಸಹೋದ್ಯೋಗಿ ಒಂದೇ ರಾತ್ರಿಯಲ್ಲಿ ಬರೆದರು. ನಾನು ಅದನ್ನು ಮೊದಲ ಸಲ ಓದಿದ್ದು ನ್ಯಾಯಾಲಯದಲ್ಲಿ ಎದ್ದು ನಿಂತ ಮೇಲೆ. ಓದುತ್ತಾ ಹೋದಂತೆ ಗೆಲ್ಲುತ್ತೇವೆಂದು ನನಗೂ ಅನ್ನಿಸಿತು. ಅಷ್ಟು ತೃಪ್ತಿ ಮತ್ತೆ ಸಿಗಲಿಲ್ಲ.’ ಅಮ್ಮ, ಅದು ಸರ್ ಬರೆದದ್ದು. ಸರ್ ನೂರು ಸಲ ಹೇಳಿದ್ದಾರೆ.”

ಈ ಸಲ ಅತ್ತೆಯನ್ನು ತಡೆಯಲು ಕೈಯಲ್ಲಿ ಮೊಟ್ಟೆ ಇರಲಿಲ್ಲ.

“ಆ ರಾತ್ರಿ ನಿನಗೆ ಜ್ವರ,” ಎಂದರು ಅವರು. “ಎರಡನೇ ಕ್ಲಾಸಲ್ಲಿದ್ದೆ. ನಾನು ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿದ್ದೆ, ಇವಳು ನಿನ್ನ ಮಂಚದ ಕಾಲಿಗೆ ಒರಗಿ ಬರೀತಿದ್ಲು. ನೀನು ‘ಅಮ್ಮ ಇಲ್ಲಿ ಬಾ’ ಅಂದಾಗಲೆಲ್ಲ ‘ಒಂದು ಸಾಲು, ಒಂದು ಸಾಲು’ ಅಂತಿದ್ಲು. ಬೆಳಗಾಗೋವರೆಗೂ ಅದೇ. ನಾನು ಅವತ್ತು ಇವಳನ್ನ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಎದ್ದು ನೀರು ಕುಡೀಲಿಲ್ಲ ಅನ್ನೋದು ಮಾತ್ರ ನಿಜ. ನೀರು ತಂದುಕೊಟ್ಟಿದ್ದು ನಿಮ್ಮಪ್ಪ.”

ಮಗಳು ತಂತಿಯ ಮೇಲಿನ ಟವೆಲನ್ನು ಹಿಡಿದು ನಿಂತಳು. ಅದು ಒಣಗಿತ್ತು, ಆದರೂ ತೆಗೆಯಲಿಲ್ಲ.

“ಯಾಕೆ ಹೇಳ್ಲಿಲ್ಲ?”

“ನೀನು ಅದನ್ನ ಓದಿ ವಕೀಲಳಾಗ್ತೀನಿ ಅಂದೆ. ಸಂತೋಷವಾಗಿದ್ದೆ. ಯಾರು ಬರೆದ್ರೂ ಏನಂತೆ ಅನ್ನಿಸ್ತು.”

“ಈಗ?”

“ಈಗ ನಾನು ಕಡತ ಕಟ್ಟೋಳು.”

ಮಗಳ ಧ್ವನಿ ಏರಿತು. “ಇದು ಹೋದ್ರೆ ಸರ್ ಮುಗಿದ್ರು. ಅವರ ಜೊತೆ ನಾನೂ. ಚೀಟಿ ಮೇಡಂ ಮಗಳು ಕೈಯಾರೆ ಒಯ್ದು ಕೊಟ್ಲು ಅಂತಾರೆ. ಆಮೇಲೆ ಯಾವ ಚೇಂಬರಲ್ಲಿ ನನ್ನ ಸೇರಿಸ್ಕೊಳ್ತಾರೆ? ಅದನ್ನ ಯೋಚ್ನೆ ಮಾಡಿದ್ಯಾ? ನಿನ್ನ ಸೇಡಿಗೆ ನನ್ನ ಕೈ ಯಾಕೆ?”

ವಕೀಲೆ ಬಟ್ಟೆಯ ರಾಶಿಯನ್ನು ಕೆಳಗಿಟ್ಟಳು.

“ಹಾಗಾದ್ರೆ ಒಂದು ಕೆಲಸ ಮಾಡು. ಓದಿ ಸಹಿ ಹಾಕಿ ಸರ್ ಅಂತ ಹೇಳು. ಎಷ್ಟು ಸಲ ಬೇಕಾದ್ರೂ ಹೇಳು. ಓದಿ ಹರಿದು ಹಾಕಿದ್ರೆ ಹಾಕ್ಲಿ, ನನ್ನ ಮಾತಿಲ್ಲ.”

“ಅಯ್ಯೋ, ಹೇಳ್ಬೇಡ,” ಎಂದರು ಅತ್ತೆ. “ಗಂಜಿ ಹಾಕಿದೀನಿ ಅಂತ ಅಂಗಿ ಮೇಲೆ ಬರೆದು ಕೊಡ್ತಾರಾ?”

“ಅಜ್ಜಿ, ನಾನು ಹೇಳ್ತೀನಿ,” ಎಂದಳು ಮಗಳು. “ಹೇಳದೆ ಇದ್ರೆ ನನಗೆ ಊಟ ಸೇರಲ್ಲ.” ಮೆಟ್ಟಿಲಿಳಿಯುವ ಮೊದಲು ತಿರುಗಿದಳು. “ಹೇಗೂ ಓದಲ್ಲ ಅಂದ್ಮೇಲೆ ಇದ್ರ ಜೊತೆಗೆ ಒಂದು ಒಳ್ಳೇ ಪ್ರಮಾಣಪತ್ರನೂ ಇಟ್ಟಿದ್ರೆ ನಿನ್ನ ಕಾಲೇಜಿನ ಕೆಲಸನಾದ್ರೂ ಆಗ್ತಿತ್ತಲ್ಲ?”

“ಅದಕ್ಕೆ ಅವರು ಗೊತ್ತಿದ್ದು ಸಹಿ ಹಾಕ್ಬೇಕು.”

*

ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಮಗಳು ಎರಡು ತುತ್ತು ತಿಂದು ಹೇಳಿದಳು.

“ಮೂರು ಸಲ ಹೇಳ್ದೆ.”

ಗಂಡ ಬೇಳೆಯ ಪಾತ್ರೆಯನ್ನು ಅವಳ ಕಡೆ ಸರಿಸಿದ.

“ಮೊದಲನೇ ಸಲ ಹೇಳಿದಾಗ ಫೋನಲ್ಲಿದ್ರು, ಕೈ ಆಡಿಸಿದ್ರು. ಎರಡನೇ ಸಲ, ‘ಹೂಂ ಹೂಂ’ ಅಂತ ಗುರುತು ಹುಡುಕಿದ್ರು. ಮೂರನೇ ಸಲ ಕಡತದ ಮೇಲೆ ಕೈ ಇಟ್ಟೆ. ‘ಸರ್, ಇದು ಪ್ರಮಾಣ ಮಾಡಿ ಕೊಡೋದು, ದಯವಿಟ್ಟು ಒಂದು ಸಲ ಓದಿ’ ಅಂದೆ. ನಕ್ಕರು. ‘ನಿಮ್ಮಮ್ಮ ಬರೆದದ್ದನ್ನ ಹದಿನೇಳು ವರ್ಷದಿಂದ ಓದಿಲ್ಲ. ಈಗ ಓದಿದ್ರೆ ಅವಳಿಗೆ ಅವಮಾನ’ ಅಂದ್ರು.”

“ಆಮೇಲೆ?” ಎಂದರು ಅತ್ತೆ.

“ಆಮೇಲೆ ‘ಕೈ ತೆಗಿ, ಚಿಕ್ಕ ಚೀಟಿ’ ಅಂದ್ರು. ತೆಗೆದೆ. ಹದಿಮೂರು ಕಡೆ ಸಹಿ ಹಾಕಿದ್ರು. ನಾನೇ ಹೋಗಿ ಸಲ್ಲಿಸಿ ರಸೀದಿ ತಗೊಂಡು ಬಂದೆ.”

ವಕೀಲೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. “ಏನು ಅಂದ್ರು ನಿನ್ನ?”

“ಚಿಕ್ಕ ಚೀಟಿ. ಮೂರು ತಿಂಗಳಿಂದ ಹಾಗೇ ಕರೆಯೋದು. ಮೊದಮೊದಲು ನಂಗೆ ಮುದ್ದಾಗಿ ಕೇಳಿಸ್ತಿತ್ತು.”

ಮರುದಿನ ವಕೀಲೆ ಹಿರಿಯರ ಮುಂದೆ ಹೋಗಿ, ಈ ತಿಂಗಳ ಕೊನೆಗೆ ಬಿಡುತ್ತೇನೆ ಎಂದು ನೇರವಾಗಿ ಹೇಳಿದಳು. “ಎಲ್ಲಿಗೆ ಹೋಗ್ತೀಯಮ್ಮ, ನಾಲ್ಕು ದಿನ ಸುತ್ತಾಡ್ಕೊಂಡು ಬಾ,” ಎಂದರು ಅವರು. ಅವಳು ಕೋರ್ಟಿನ ಹೊರ ಪಡಸಾಲೆಯಲ್ಲಿ, ಫೋಟೋಕಾಪಿ ಅಂಗಡಿಯ ಪಕ್ಕ, ಅರ್ಧ ಮೇಜು ಹಿಡಿದಳು. ಇನ್ನರ್ಧ ಒಬ್ಬ ಮುದಿ ನೋಟರಿಯದು. ಮೊದಲ ವಾರ ಬಂದ ಕಕ್ಷಿದಾರರು ಇಬ್ಬರೇ, ಅದರಲ್ಲಿ ಒಬ್ಬಾಕೆ ಶೌಚಾಲಯ ಎಲ್ಲಿ ಎಂದು ಕೇಳಲು ಬಂದವಳು. ಅತ್ತೆ ಬುತ್ತಿ ಕಟ್ಟಿಕೊಡುತ್ತಾ ದಿನವೂ ಅದೇ ಪ್ರಶ್ನೆ ಕೇಳುತ್ತಿದ್ದರು: “ಸಮಿತಿಯವರು ಓದಿದ್ರಂತಾ?”

“ಓದೋಕೆ ಅವರಿಗೆ ಸಂಬಳ ಇದೆ ಅತ್ತೆ. ಓದ್ತಾರೆ.”

*

ಓದಿದರು. ಐದನೆಯ ವಾರ ಕೋರ್ಟಿನ ಮೊದಲ ಸಾಲಿನಿಂದ ಕ್ಯಾಂಟೀನಿನವರೆಗೆ ಎಲ್ಲರಿಗೂ ಗೊತ್ತಾಯಿತು. ಹಿರಿಯರ ಕಡೆಯವರೆನಿಸಿಕೊಂಡ ಮೂವರೇ ಮೊದಲು ನಕ್ಕರಂತೆ. ಮುದಿ ನೋಟರಿ ತನ್ನ ಅರ್ಧ ಮೇಜಿನಿಂದ ಇನ್ನೂ ಒಂದು ಗೇಣು ಜಾಗ ವಕೀಲೆಗೆ ಬಿಟ್ಟುಕೊಟ್ಟ. ಶನಿವಾರ ಬೆಳಿಗ್ಗೆ ಮಗಳಿಗೆ ಚೇಂಬರಿನಿಂದ ಫೋನು ಬಂತು: ಇನ್ನು ಬರಬೇಡ.

ಮಗಳು ಕಪ್ಪು ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿ ಆಲೂಗಡ್ಡೆ ಸುಲಿಯಲು ಕೂತಳು. ಇಡೀ ದಿನ ಅಮ್ಮನ ಜೊತೆ ಮಾತಾಡಲಿಲ್ಲ. ನಾಲ್ಕು ಜನಕ್ಕೆ ಬೇಕಾದ್ದಕ್ಕಿಂತ ಎರಡು ಪಟ್ಟು ಸುಲಿದಳು.

ಸಂಜೆ ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಮೂರು ಮಹಡಿ ಹತ್ತಿ ಹಿರಿಯರು ಏದುಸಿರು ಬಿಡುತ್ತಾ ನಿಂತಿದ್ದರು. ಹದಿನೇಳು ವರ್ಷದಲ್ಲಿ ಅವರು ಈ ಮನೆ ನೋಡಿದ್ದು ಇದೇ ಮೊದಲು. ಗಂಡ ಕುರ್ಚಿ ಎಳೆದು ಕೊಟ್ಟ. ಅತ್ತೆ ನೀರು ತಂದಿಟ್ಟು ಅಲ್ಲೇ ನಿಂತರು.

ಹಿರಿಯರು ಸಮಿತಿಯ ಪತ್ರವನ್ನು ಮೇಜಿನ ಮೇಲೆ ಹಾಕಿದರು. ವಕೀಲೆ ಓದಿದಳು. ಹತ್ತೂ ಪ್ರಕರಣಗಳ ಕರಡು ತಮ್ಮದಲ್ಲವೆಂದು ತಾವೇ ಪ್ರಮಾಣ ಮಾಡಿರುವುದರಿಂದ, ಯಾವ ಆಧಾರದ ಮೇಲೆ ಪದವಿ ಕೋರುತ್ತಿದ್ದೀರಿ ಎಂಬುದನ್ನು ಸ್ವಂತ ಕೈಬರಹದಲ್ಲಿ ಸೋಮವಾರದೊಳಗೆ ತಿಳಿಸುವುದು.

“ನೀನು ಹೀಗೆ ಮಾಡ್ಬಹುದಾ?” ಎಂದರು ಹಿರಿಯರು.

“ಅದ್ರಲ್ಲಿ ಸುಳ್ಳು ಯಾವುದು ಹೇಳಿ ಸರ್, ತಿದ್ದೋಣ.”

ಅವರು ಲೋಟ ಎತ್ತಿ ಅರ್ಧ ನೀರು ಕುಡಿದರು. “ಆಯ್ತು. ಆದದ್ದಾಯ್ತು. ನೀನು ಒಂದು ವಿವರಣೆ ಬರೆದುಕೊಡು. ಕಚೇರಿಯವರ ಕಣ್ತಪ್ಪು ಅಂತಲೋ ಏನೋ, ನಿನಗೆ ಗೊತ್ತಲ್ಲ. ನಾನು ಅದನ್ನ ನೋಡ್ಕೊಂಡು ನನ್ನ ಕೈಯಲ್ಲಿ ಬರೀತೀನಿ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಕರಡು ನನಗೆ ಬರಲ್ಲ ಸರ್,” ಎಂದಳು ವಕೀಲೆ. ಎದ್ದು ಹೋಗಿ ಕಪಾಟಿನಿಂದ ಆ ಮೂರು ಸಾಲಿನ ಕಾಗದ ತಂದು ಸಮಿತಿಯ ಪತ್ರದ ಪಕ್ಕದಲ್ಲಿಟ್ಟಳು. “ಜೋಡಿಸೋದು, ಕಟ್ಟೋದು, ದಿನಾಂಕ ಗುರುತು ಹಾಕೋದು. ನೀವೇ ಬರೆದಿದ್ದೀರಿ. ನಿಮ್ಮ ಕೈಬರಹ.”

“ಅದನ್ನ ಬದಲಾಯಿಸೋಣಮ್ಮ. ನಿನಗೆ ಹೇಗೆ ಬೇಕೋ ಹಾಗೆ ಬರ್ಕೋ, ಈಗಲೇ ಸಹಿ ಹಾಕ್ತೀನಿ. ಕಾಲೇಜಿನವರಿಗೆ ನಾನೇ ಫೋನ್ ಮಾಡ್ತೀನಿ. ನಿನ್ನ ಮಗಳು ಸೋಮವಾರದಿಂದ ಬರಲಿ. ಇನ್ನೇನು ಬೇಕು?”

ಗಂಡ ಹೆಂಡತಿಯ ಮುಖ ನೋಡಿದ. ಮಗಳು ತಟ್ಟೆಗಳನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬೇಕಿದ್ದುದೆಲ್ಲ ಮೇಜಿನ ಮೇಲೆ ಬಂದು ಕೂತಿತ್ತು. ಬರೆಯುವುದೊಂದೇ ಬಾಕಿ.

ವಕೀಲೆ ಎರಡು ಬಿಳಿ ಹಾಳೆ ತಂದಳು. ಎರಡರ ಕೆಳಗೂ, ಬಲಗಡೆಯ ಮೂಲೆಯಲ್ಲಿ, ಪೆನ್ಸಿಲಿನಿಂದ ಸಣ್ಣ ಇಂಟು ಗುರುತು ಹಾಕಿ ಅವರ ಮುಂದಿಟ್ಟಳು.

“ಒಂದು ಸಮಿತಿಗೆ, ಒಂದು ನನಗೆ. ಮೇಲಿನದನ್ನ ನೀವೇ ಬರೀಬೇಕು ಸರ್. ನಿಧಾನವಾಗಿ ಬರೀರಿ. ಹದಿನೇಳು ವರ್ಷ ನನಗೂ ಯಾರೂ ಅವಸರ ಮಾಡ್ಲಿಲ್ಲ, ನೀವೊಬ್ಬರನ್ನ ಬಿಟ್ಟು. ನಾವು ಊಟ ಮಾಡ್ತೀವಿ.”

ಅವರು ಎದ್ದು ಹೋಗುತ್ತಾರೆಂದು ಗಂಡ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ. ಅವರು ಹೋಗಲಿಲ್ಲ. ಸೋಮವಾರಕ್ಕೆ ಉಳಿದದ್ದು ಒಂದೇ ದಿನ. ಜೇಬಿನಿಂದ ಬಂಗಾರದ ಮುಚ್ಚಳದ ಲೇಖನಿ ತೆಗೆದರು.

ಮನೆಯವರೆಲ್ಲ ಗೋಡೆಯ ಪಕ್ಕದ ಇನ್ನೊಂದು ಮೇಜಿಗೆ ಕೂತರು. ಅತ್ತೆ ಬಡಿಸಿದರು. ಆಲೂಗಡ್ಡೆ ಧಾರಾಳವಾಗಿತ್ತು.

ಸ್ವಲ್ಪ ಹೊತ್ತಿನ ನಂತರ ಅತ್ತೆ ಕತ್ತು ಉದ್ದ ಮಾಡಿ ನೋಡಿ ಬಂದು ಪಿಸುಗುಟ್ಟಿದರು. “‘ಮಾನ್ಯರೇ’ ಅಂತ ಇದೆ. ಅದನ್ನೂ ಎರಡು ಸಲ ಹೊಡೆದು ಹಾಕಿದ್ದಾರೆ.”

ಮಗಳು ನೀರಿನ ಜಗ್ಗು ತರಲು ಎದ್ದಳು. ಅಡುಗೆಮನೆಯಿಂದ ಮರಳುವಾಗ ಹಿರಿಯರ ಕುರ್ಚಿಯ ಹಿಂದೆ ಹಾದು ಬರಬೇಕಿತ್ತು. ಆ ಹೆಜ್ಜೆಯ ಸದ್ದಿಗೋ, ಬಿಳಿ ಹಾಳೆಯನ್ನು ಅಷ್ಟು ಹೊತ್ತು ನೋಡಿದ್ದಕ್ಕೋ, ಅವರ ಎಡಗೈ ತಾನಾಗಿಯೇ ಬೆನ್ನ ಹಿಂದಕ್ಕೆ ಬಂತು. ಅಂಗೈ ಅಗಲಿಸಿ ನಿಂತಿತು. ಅವರು ತಿರುಗಿ ನೋಡಲಿಲ್ಲ.

ಮಗಳು ನಿಂತಳು. ಅವಳಿಗೆ ಉತ್ತರ ಗೊತ್ತಿತ್ತು. ಮೊದಲ ಸಾಲು ಹೇಗೆ ಶುರು ಮಾಡಬೇಕು, ಯಾವ ಮಾತು ಬಿಡಬೇಕು, ಎಲ್ಲ ನಾಲಗೆಯ ತುದಿಯಲ್ಲಿತ್ತು. ಬಾಗಿಲ ಹಿಂದೆ ಕಪ್ಪು ಕೋಟು ತೂಗುತ್ತಿತ್ತು.

ವಕೀಲೆ ತಟ್ಟೆಯಿಂದ ತಲೆ ಎತ್ತಲಿಲ್ಲ. “ನಿನ್ನ ಅನ್ನ ಆರ್ತಾ ಇದೆ,” ಎಂದಳು ಅಷ್ಟೆ.

ಮಗಳು ಆ ಕೈಯನ್ನು ದಾಟಿ ಬಂದಳು. ಅಮ್ಮನ ಲೋಟಕ್ಕೆ ಮೊದಲು ನೀರು ಹಾಕಿ, ಪಕ್ಕದಲ್ಲಿ ಕೂತು ಉಣ್ಣತೊಡಗಿದಳು. ಅಂಗೈ ಅಲ್ಲೇ, ಹಾಗೇ, ಬಿಚ್ಚಿಕೊಂಡಿತ್ತು.